ಬೀರ್‌ನಲ್ಲಿ ಹಾರಲು ಯಾವ ದಿನ ಒಳ್ಳೆಯದು ಎಂದಲ್ಲ, ಯಾವ ಹೊತ್ತು ಒಳ್ಳೆಯದು ಎಂದು ಕೇಳಿ

ಪ್ರಶ್ನೆ: ಸರ್, ನಾವು ಬೆಂಗಳೂರಿನ ಬಸವೇಶ್ವರನಗರದವರು. ಅಕ್ಟೋಬರ್‌ನಲ್ಲಿ ದಸರಾ ರಜೆಗೆ ಹಿಮಾಚಲದ ಬೀರ್‌ಗೆ ಹೋಗಿ ಪ್ಯಾರಾಗ್ಲೈಡಿಂಗ್ ಮಾಡಬೇಕು ಅಂದುಕೊಂಡಿದ್ದೇವೆ. ನಾನು, ನನ್ನ ಹೆಂಡತಿ, ಜೊತೆಗೆ 61 ವರ್ಷದ ಅಮ್ಮ. ಅಮ್ಮನಿಗೂ ಹಾರುವ ಆಸೆ, ಆದರೆ ಮಂಡಿ ನೋವಿದೆ. ಮೊಬೈಲ್ ಆ್ಯಪ್‌ನಲ್ಲಿ ನೋಡಿದರೆ ಅಲ್ಲಿ ಗಾಳಿ ಗಂಟೆಗೆ 6-8 ಕಿ.ಮೀ., ಒಳ್ಳೆ ಬಿಸಿಲು ಅಂತ ತೋರಿಸುತ್ತದೆ. ಅಷ್ಟಿದ್ದರೆ ಯಾವಾಗ ಹಾರಿದರೂ ಸರಿ ಅಲ್ವಾ? ಬೆಳಗ್ಗೆ ಬೇಗ ಹಾರಿ ಮುಗಿಸಿ, ಅವತ್ತೇ ಧರ್ಮಶಾಲೆಗೆ ಹೊರಡುವ ಪ್ಲ್ಯಾನ್ ಇದೆ. ಬೀರ್‌ಗಿಂತ ಮನಾಲಿ ಹತ್ತಿರದ ಸೋಲಂಗ್ ಚೆನ್ನಾಗಿದೆ ಅಂತಲೂ ಕೆಲವರು ಹೇಳಿದರು. ಮುಂದೆ ನಾನೇ ಸ್ವಂತ ಹಾರಲು ಕಲಿಯಬೇಕು ಅಂತ ಬಹಳ ಆಸೆ. ಇಲ್ಲೇ ನಂದಿ ಬೆಟ್ಟದಲ್ಲಿ ಕಲಿಯಬಹುದಾ?

ಉತ್ತರ: ಮೊದಲು ಆ ಬೆಳಗಿನ ಪ್ಲ್ಯಾನ್ ಬಿಟ್ಟುಬಿಡಿ. ಬೆಳಗ್ಗೆ ಏಳೂವರೆಗೆ ನೀವು ಟೇಕಾಫ್ ಜಾಗಕ್ಕೆ ಹೋಗಿ ನಿಂತರೆ ಆಕಾಶ ತಿಳಿಯಾಗಿರುತ್ತದೆ, ಗಾಳಿ ಮೆಲ್ಲಗೆ ಬೀಸುತ್ತಿರುತ್ತದೆ. ಆದರೂ ಪೈಲಟ್‌ಗಳು ಗ್ಲೈಡರ್ ಬಿಚ್ಚದೆ ಚಹಾ ಕುಡಿಯುತ್ತಾ ಕೂತಿರುತ್ತಾರೆ. ಅವರು ಸೋಮಾರಿಗಳಲ್ಲ. ಗಾಳಿ ತಿರುಗಲಿ ಎಂದು ಕಾಯುತ್ತಿರುತ್ತಾರೆ. ಅದೇಕೆ ಎಂದು ಗೊತ್ತಾದರೆ ನಿಮ್ಮ ಮುಕ್ಕಾಲು ಪ್ರಶ್ನೆಗೆ ಉತ್ತರ ಸಿಕ್ಕಂತೆ.

ನಾವು ಬೆಂಗಳೂರಿನವರು ಹವಾಮಾನವನ್ನು ದಿನದ ಲೆಕ್ಕದಲ್ಲಿ ನೋಡುತ್ತೇವೆ. ಇವತ್ತು ಮಳೆ, ನಾಳೆ ಬಿಸಿಲು, ಅಷ್ಟೇ. ಬೆಟ್ಟದ ಮಗ್ಗುಲಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಒಂದೇ ದಿನದಲ್ಲಿ ಗಾಳಿ ಎರಡು ಸಲ ದಿಕ್ಕು ಬದಲಿಸುತ್ತದೆ. ರಾತ್ರಿ ಇಳಿಜಾರಿನ ನೆಲ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ಇಳಿಜಾರಿನ ಗುಂಟ ಕೆಳಕ್ಕೆ ಜಾರುತ್ತದೆ. ಬೆಳಗ್ಗೆ ನಿಮ್ಮ ಮುಖಕ್ಕೆ ಹಿತವಾಗಿ ತಾಗುವ ಆ ತಂಗಾಳಿ ಇದೇ. ಆದರೆ ಅದು ಬೆಟ್ಟದ ಮೇಲಿನಿಂದ ಕೆಳಕ್ಕೆ, ಅಂದರೆ ಹಾರುವವರ ಬೆನ್ನ ಹಿಂದಿನಿಂದ ಬರುತ್ತದೆ. ಪ್ಯಾರಾಗ್ಲೈಡರ್ ಎದುರುಗಾಳಿಯಲ್ಲೇ ಎದ್ದು ನಿಲ್ಲಬೇಕು. ಬೆನ್ನ ಹಿಂದಿನ ಗಾಳಿ ಗಂಟೆಗೆ 5 ಕಿ.ಮೀ. ಇದ್ದರೂ ಅಷ್ಟು ವೇಗವನ್ನು ಕಾಲಿನಲ್ಲಿ ಓಡಿಯೇ ಸರಿದೂಗಿಸಬೇಕು. ಅದಕ್ಕೇ ಆ ಹೊತ್ತಿನಲ್ಲಿ ಹಾರಾಟ ಶುರುವಾಗುವುದಿಲ್ಲ.

ಬಿಸಿಲು ಏರಿದ ಮೇಲೆ ಎಲ್ಲವೂ ತಿರುವುಮುರುವು. ಇಳಿಜಾರು ಬಿಸಿಯಾಗುತ್ತದೆ, ಅದರ ಮೇಲಿನ ಗಾಳಿ ಹಗುರಾಗಿ ಮೇಲಕ್ಕೆ ಹರಿಯಲು ಶುರುವಾಗುತ್ತದೆ. ಟೇಕಾಫ್ ಜಾಗದ ವಿಂಡ್‌ಸಾಕ್, ಅಂದರೆ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ, ಸ್ವಲ್ಪ ಹೊತ್ತು ಜೋತುಬಿದ್ದು, ಆಮೇಲೆ ಬೆಟ್ಟದ ಕಡೆಗೆ ತಿರುಗುತ್ತದೆ. ಬೀರ್‌ನ ಹಿಂದಿರುವ ಧೌಲಾಧಾರ್ ಸಾಲು ವಾಯವ್ಯದಿಂದ ಆಗ್ನೇಯಕ್ಕೆ ಚಾಚಿದೆ. ಅದರ ಮುಂಭಾಗ ನೈಋತ್ಯಕ್ಕೆ ಮುಖ ಮಾಡಿದೆ. ಪೂರ್ವಕ್ಕೆ ಮುಖ ಮಾಡಿದ ಬೆಟ್ಟಕ್ಕಿಂತ ಇಲ್ಲಿ ಬಿಸಿಲು ನೇರವಾಗಿ ಬೀಳುವುದು ತಡ. ಅಕ್ಟೋಬರ್‌ನಲ್ಲಿ ಗಾಳಿ ಸರಿಯಾಗಿ ಮೇಲೇರುವ ಹೊತ್ತಿಗೆ ಹತ್ತು, ಹತ್ತೂವರೆ ಆಗಿರುತ್ತದೆ.

ಅಲ್ಲಿಂದ ಮುಂದಿನದು ಥರ್ಮಲ್‌ಗಳ ಹೊತ್ತು. ನೆಲ ಎಲ್ಲ ಕಡೆ ಒಂದೇ ಸಮ ಕಾಯುವುದಿಲ್ಲ. ಒಣಗಿದ ಗದ್ದೆ, ಬಂಡೆ, ಊರಿನ ತಾರಸಿಗಳು ಬೇಗ ಕಾಯುತ್ತವೆ. ಕಾಡು, ನೀರು ನಿಂತ ಜಾಗ ನಿಧಾನ. ಬೇಗ ಕಾದ ಜಾಗದಿಂದ ಬಿಸಿಗಾಳಿ ಕಿತ್ತು ಮೇಲೇಳುತ್ತದೆ. ಅದೇ ಥರ್ಮಲ್. ಒಣ ಗಾಳಿ ಮೇಲೇರುವಾಗ ಪ್ರತಿ 100 ಮೀಟರ್‌ಗೆ ಹೆಚ್ಚುಕಡಿಮೆ 1 ಡಿಗ್ರಿ ತಣ್ಣಗಾಗುತ್ತದೆ. ಸುತ್ತಲಿನ ಗಾಳಿಗಿಂತ ಬೆಚ್ಚಗಿರುವವರೆಗೂ ಏರುತ್ತಲೇ ಇರುತ್ತದೆ. ಪೈಲಟ್ ಅದರೊಳಗೆ ಸುತ್ತು ಹಾಕುತ್ತಾ ಎತ್ತರ ಗಳಿಸುತ್ತಾರೆ. ಅವರ ಬಳಿಯ ವೇರಿಯೋ ಎಂಬ ಚಿಕ್ಕ ಉಪಕರಣ ಏರುವಾಗ ಪೀಂ ಪೀಂ ಎಂದು ಕೂಗುತ್ತಿರುತ್ತದೆ. ಆ ಸದ್ದಿಗೆ ಹೆದರಬೇಡಿ, ಅದು ಒಳ್ಳೆಯ ಸದ್ದು.

ಇದನ್ನು ನೋಡಲು ಹಿಮಾಚಲದವರೆಗೂ ಹೋಗಬೇಕಿಲ್ಲ. ಚಳಿಗಾಲದ ಯಾವುದಾದರೂ ಭಾನುವಾರ ನಿಮ್ಮ ತಾರಸಿ ಮೇಲೆ ನಿಂತು ಹದ್ದುಗಳನ್ನು ಗಮನಿಸಿ. ಬೆಳಗ್ಗೆ ಎಂಟಕ್ಕೆ ರೆಕ್ಕೆ ಬಡಿದು ಕಷ್ಟಪಟ್ಟು ಹಾರುತ್ತಿರುತ್ತವೆ. ಹತ್ತರ ಮೇಲೆ ರೆಕ್ಕೆ ಅಲುಗಿಸದೆ ಸುತ್ತುತ್ತಾ ಏರುತ್ತವೆ. ಬೀರ್‌ನಲ್ಲಿ ಇದೇ ಕೆಲಸವನ್ನು ದೊಡ್ಡ ಹಿಮಾಲಯದ ರಣಹದ್ದುಗಳು ಮಾಡುತ್ತವೆ. ಅವು ಎಲ್ಲಿ ಸುತ್ತುತ್ತವೋ ಪೈಲಟ್‌ಗಳು ಅಲ್ಲಿಗೆ ಹೋಗುತ್ತಾರೆ.

ಮಧ್ಯಾಹ್ನ ಒಂದರಿಂದ ಮೂರರವರೆಗೆ ಥರ್ಮಲ್‌ಗಳ ಜೋರು ಜಾಸ್ತಿ. ಅದೇ ಹೊತ್ತಿಗೆ ಇಡೀ ಕಣಿವೆ ಕಾದು, ಬಯಲಿನ ಕಡೆಯಿಂದ ಗಾಳಿ ಎಳೆದುಕೊಳ್ಳುತ್ತದೆ. ಇಳಿಯುವ ಬಯಲಿನಲ್ಲೂ ಗಾಳಿ ಎದ್ದಿರುತ್ತದೆ. ಅನುಭವಿ ಪೈಲಟ್‌ಗಳಿಗೆ ಇದು ದೂರ ಹಾರುವ ಸಮಯ. ಮೊದಲ ಸಲ ಬಂದವರಿಗೆ ಹೊಟ್ಟೆ ತೊಳಸುವ ಸಮಯ. ಮೂರೂವರೆ ದಾಟಿದ ಮೇಲೆ ಬಿಸಿಲು ವಾಲುತ್ತದೆ, ಥರ್ಮಲ್‌ಗಳು ಮೆತ್ತಗಾಗುತ್ತವೆ. ಹಗಲೆಲ್ಲ ಕಾದ ಕಾಡು, ಕಣಿವೆ ತಮ್ಮ ಬಿಸಿಯನ್ನು ನಿಧಾನವಾಗಿ ಬಿಟ್ಟುಕೊಡುತ್ತವೆ. ಆಗ ಅಗಲವಾದ, ಕುಲುಕಾಟವಿಲ್ಲದ ಏರುಗಾಳಿ ಸಿಗುತ್ತದೆ. ನಿಮ್ಮ ಅಮ್ಮನಿಗೆ ಬೇಕಿರುವುದು ಈ ಹೊತ್ತು. ಅಕ್ಟೋಬರ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸು, ಹಾಗಾಗಿ ಮೂರೂವರೆಯಿಂದ ಐದರ ಒಳಗೆ ಟೇಕಾಫ್ ಆಗುವಂತೆ ಮಾತಾಡಿಕೊಳ್ಳಿ. ನಿಮಗೂ ನಿಮ್ಮ ಹೆಂಡತಿಗೂ ಹನ್ನೊಂದರ ಆಸುಪಾಸು ಸರಿ. ಥರ್ಮಲ್ ಹುಟ್ಟಿರುತ್ತದೆ, ಇನ್ನೂ ಪೂರ್ತಿ ಜೋರು ಬಂದಿರುವುದಿಲ್ಲ.

ಈಗ ಜಾಗದ ವಿಷಯ. ಹಾರುವುದು ಬಿಲ್ಲಿಂಗ್‌ನಿಂದ, ಇಳಿಯುವುದು ಬೀರ್‌ನಲ್ಲಿ. ಬಿಲ್ಲಿಂಗ್ ಸಮುದ್ರ ಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದ ಹುಲ್ಲುಗಾವಲು. ಇಳಿಯುವ ಬಯಲು ಅದಕ್ಕಿಂತ ಸುಮಾರು ಸಾವಿರ ಮೀಟರ್ ಕೆಳಗೆ. ನಡುವೆ 14 ಕಿ.ಮೀ. ತಿರುವುಗಳ ರಸ್ತೆ, ಜೀಪಿನಲ್ಲಿ ಕರೆದೊಯ್ಯುತ್ತಾರೆ. ಹಾರಾಟಕ್ಕಿಂತ ಈ ಜೀಪ್ ಪ್ರಯಾಣದಲ್ಲೇ ಹೆಚ್ಚು ಜನಕ್ಕೆ ವಾಂತಿ ಬರುವ ಹಾಗೆ ಆಗುತ್ತದೆ. ಮಸಾಲೆ, ಎಣ್ಣೆ ತಿಂಡಿ ಬೇಡ. ಹೊಟ್ಟೆ ಪೂರ್ತಿ ಖಾಲಿ ಇರುವುದೂ ಬೇಡ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಇಬ್ಬರು ಕೂತ ಟ್ಯಾಂಡಮ್ ಗ್ಲೈಡರ್ ಶಾಂತ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 1.2 ಮೀಟರ್ ಇಳಿಯುತ್ತದೆ. ಸಾವಿರ ಮೀಟರ್ ಇಳಿಯಲು ಎಷ್ಟು ಹೊತ್ತು? ಹದಿನಾಲ್ಕು ನಿಮಿಷದ ಹತ್ತಿರ. ಅಂದರೆ ಏರುಗಾಳಿ ಇಲ್ಲದ ಹೊತ್ತಿನಲ್ಲಿ ಎಷ್ಟೇ ದುಡ್ಡು ಕೊಟ್ಟರೂ ಅಷ್ಟೇ ಹಾರಾಟ. ಅರ್ಧ ಗಂಟೆ ಎಂದು ಮಾತು ಕೊಡುವವರು ಏರುಗಾಳಿಯನ್ನು ನಂಬಿಕೊಂಡು ಮಾತು ಕೊಡುತ್ತಾರೆ. ಅದು ಮೋಸ ಎಂದು ನಾನು ಹೇಳುತ್ತಿಲ್ಲ, ಅಕ್ಟೋಬರ್ ಹಗಲಿನಲ್ಲಿ ಸಾಮಾನ್ಯವಾಗಿ ಸಿಕ್ಕೇ ಸಿಗುತ್ತದೆ. ಆದರೆ ಇಳಿಯುವ ಹೊತ್ತು ಬಂತು ಎಂದು ಪೈಲಟ್ ನಿರ್ಧರಿಸಿದರೆ, ಇನ್ನೂ ಹತ್ತು ನಿಮಿಷ ಬಾಕಿ ಇದೆ ಎಂದು ಅವರೊಂದಿಗೆ ವಾದಕ್ಕೆ ಇಳಿಯಬೇಡಿ.

ಬೀರ್ ಜಗತ್ತಿನ ಪೈಲಟ್‌ಗಳ ನಕಾಶೆಯಲ್ಲಿ ಇರುವುದು ಯಾಕೆ ಎಂದರೆ, ಅದು ಇಕ್ಕಟ್ಟಿನ ಕಣಿವೆಯ ಒಳಗಿಲ್ಲ. ದೊಡ್ಡ ಪರ್ವತ ಸಾಲಿನ ಮುಂಭಾಗದಲ್ಲಿದೆ. ಎದುರಿಗೆ ಅಗಲವಾದ ಕಾಂಗ್ಡಾ ಕಣಿವೆ ಮೆಟ್ಟಿಲು ಮೆಟ್ಟಿಲಾಗಿ ತೆರೆದುಕೊಳ್ಳುತ್ತದೆ. ಗದ್ದೆಗಳು, ಪಾಲಂಪುರ ಕಡೆಯ ಚಹಾ ತೋಟಗಳು. ಅಗತ್ಯ ಬಿದ್ದರೆ ಇಳಿಯಲು ಜಾಗ ಬೇಕಾದಷ್ಟು. ಪರ್ವತದ ಸಾಲು ಕಡಿಯದೆ ಧರ್ಮಶಾಲೆಯವರೆಗೂ ಸಾಗುತ್ತದೆ, ಪಳಗಿದವರು ಅದರ ಗುಂಟ ಹಾರಿ ಅಲ್ಲಿಗೆ ಹೋಗಿ ವಾಪಸ್ಸೂ ಬರುತ್ತಾರೆ. 2015ರ ಅಕ್ಟೋಬರ್‌ನಲ್ಲಿ ಪ್ಯಾರಾಗ್ಲೈಡಿಂಗ್ ವರ್ಲ್ಡ್ ಕಪ್ ನಡೆದದ್ದು ಇಲ್ಲೇ.

ಸೋಲಂಗ್ ಹಾಗಲ್ಲ. ಅದು ಬಿಯಾಸ್ ನದಿಯ ಕಣಿವೆಯ ಮೇಲ್ತುದಿ. ಎರಡೂ ಕಡೆ ಎತ್ತರದ ಗೋಡೆಗಳು. ಇಕ್ಕಟ್ಟಾದ ಜಾಗದಲ್ಲಿ ಕಣಿವೆಗಾಳಿ ಒತ್ತಿಕೊಂಡು ವೇಗ ಹೆಚ್ಚಿಸಿಕೊಳ್ಳುತ್ತದೆ, ಮಧ್ಯಾಹ್ನ ಇದು ಬೀರ್‌ಗಿಂತ ಜೋರು. ಸಣ್ಣ ಇಳಿಜಾರಿನಿಂದ ಕೆಲವೇ ನಿಮಿಷ ಹಾರಿ ಇಳಿಯುವುದಕ್ಕೆ ಅಲ್ಲಿಗೆ ಹೋಗುವವರು ಜಾಸ್ತಿ. ಮನಾಲಿಗೆ ಹೇಗೂ ಹೋಗುತ್ತಿದ್ದೀರಿ ಎಂದರೆ ಸರಿ, ಹಾರುವುದಕ್ಕೆಂದೇ ಹೋಗುವುದಾದರೆ ಬೀರ್.

ಆ್ಯಪ್ ಬಗ್ಗೆ ಕೇಳಿದ್ದೀರಿ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಓದಿಕೊಂಡವರೇ ಇಲ್ಲಿ ಹೆಚ್ಚು ಎಡವುವುದು. ಮೊಬೈಲ್‌ನಲ್ಲಿ ಕಾಣುವ ಗಾಳಿಯ ಅಂಕಿಯನ್ನು ಬಿಲ್ಲಿಂಗ್‌ನಲ್ಲಿ ಯಾರೂ ಅಳೆದಿರುವುದಿಲ್ಲ. ಜಾಗತಿಕ ಹವಾಮಾನ ಮಾಡೆಲ್‌ಗಳು ನೆಲವನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ಒಂದೊಂದು ಚೌಕದ ಅಗಲ ಸುಮಾರು 9ರಿಂದ 25 ಕಿ.ಮೀ. ಬೆಂಗಳೂರಿನಂತಹ ಬಯಲಿಗೆ ಅದು ಸಾಕು. ಬೀರ್‌ನಲ್ಲಿ ಒಂದೇ ಚೌಕದೊಳಗೆ 1,400 ಮೀಟರ್‌ನ ಗದ್ದೆಯೂ ಇರುತ್ತದೆ, 4,000 ಮೀಟರ್‌ನ ಶಿಖರವೂ ಇರುತ್ತದೆ. ಎರಡನ್ನೂ ಸೇರಿಸಿ ಸರಾಸರಿ ಮಾಡಿದ ಒಂದು ಬೆಟ್ಟವನ್ನು ಮಾಡೆಲ್ ಕಲ್ಪಿಸಿಕೊಂಡಿರುತ್ತದೆ. ಅದರ ಮೇಲೆ, ನೆಲದಿಂದ 10 ಮೀಟರ್ ಎತ್ತರದ ಗಾಳಿಯೇ ನೀವು ನೋಡಿದ 6-8 ಕಿ.ಮೀ. ಆ ಬೆಟ್ಟ ಭೂಮಿಯ ಮೇಲೆಲ್ಲೂ ಇಲ್ಲ.

ಹಾಗಂತ ಆ್ಯಪ್ ಬಿಸಾಡಬೇಡಿ. ಬೇರೆ ಕಡೆ ನೋಡಿ. ವಿಂಡಿಯಂಥ ಆ್ಯಪ್‌ಗಳಲ್ಲಿ ಎತ್ತರ ಬದಲಿಸುವ ಪಟ್ಟಿ ಇರುತ್ತದೆ. ಅದನ್ನು 3,000 ಮೀಟರ್‌ಗೆ ಏರಿಸಿ. ಅಲ್ಲಿನ ಗಾಳಿ ಪರ್ವತದ ತಲೆ ಮೇಲೆ ಹರಿಯುವ ನಿಜವಾದ ಗಾಳಿಗೆ ಹತ್ತಿರ. ಅದು ಗಂಟೆಗೆ 10-15 ಕಿ.ಮೀ. ಒಳಗಿದ್ದರೆ ನೆಮ್ಮದಿ. 25 ಕಿ.ಮೀ. ದಾಟಿದ್ದರೆ, ಕೆಳಗೆ ಎಷ್ಟೇ ಶಾಂತವಾಗಿ ಕಂಡರೂ, ನಾನು ಆ ದಿನ ಪ್ರಯಾಣಿಕರನ್ನು ಕೂರಿಸಿಕೊಳ್ಳುವುದಿಲ್ಲ.

ದಿಕ್ಕನ್ನೂ ನೋಡಿ. ಎತ್ತರದ ಗಾಳಿ ಉತ್ತರ ಅಥವಾ ಈಶಾನ್ಯದಿಂದ ಇದ್ದರೆ ಅದು ಧೌಲಾಧಾರ್ ದಾಟಿ ನಮ್ಮ ಕಡೆ ಇಳಿಯುತ್ತಿದೆ ಎಂದರ್ಥ. ಹೊಳೆಯಲ್ಲಿ ಬಂಡೆ ದಾಟಿದ ನೀರು ಅದರ ಹಿಂದೆ ಸುಳಿ ಸುತ್ತುತ್ತದಲ್ಲ, ಪರ್ವತ ದಾಟಿದ ಗಾಳಿಯೂ ಹಾಗೇ ಸುಳಿಯುತ್ತದೆ. ಇದನ್ನು ಪೈಲಟ್‌ಗಳು ರೋಟರ್ ಎನ್ನುತ್ತಾರೆ. ಇದರ ಕೆಟ್ಟ ಗುಣ ಏನೆಂದರೆ, ಟೇಕಾಫ್‌ನಲ್ಲಿ ನಿಂತವರಿಗೆ ಇದು ಗೊತ್ತೇ ಆಗದೆ ಇರಬಹುದು. ಬಿಸಿಲಿಗೆ ಕಾದ ಇಳಿಜಾರಿನ ಗಾಳಿ ಎಂದಿನಂತೆ ಮೇಲೆ ಬರುತ್ತಿರುತ್ತದೆ, ವಿಂಡ್‌ಸಾಕ್ ಸರಿಯಾಗಿಯೇ ತೋರಿಸುತ್ತಿರುತ್ತದೆ. ಇನ್ನೂರು ಮೀಟರ್ ಮೇಲೆ ಹೋದಾಗ ಎರಡು ಗಾಳಿಗಳ ಜಗಳದಲ್ಲಿ ಗ್ಲೈಡರ್ ಸಿಕ್ಕಿಕೊಳ್ಳುತ್ತದೆ. ಬಟ್ಟೆಯ ರೆಕ್ಕೆ, ಒಳಗಿನ ಗಾಳಿಯ ಒತ್ತಡದಿಂದಷ್ಟೇ ಆಕಾರ ಹಿಡಿದಿರುತ್ತದೆ. ಇಂಥ ಕಡೆ ಒಂದು ಬದಿ ಮಡಚಿಕೊಳ್ಳುವುದು ಅಪರೂಪವಲ್ಲ. ಸ್ಥಳೀಯ ಹಿರಿಯ ಪೈಲಟ್‌ಗಳು ಮೋಡದ ಚಲನೆ ನೋಡಿ ಇದನ್ನು ಕಂಡುಹಿಡಿಯುತ್ತಾರೆ. ಎಲ್ಲರೂ ಹಾರಬಹುದಾದ ದಿನ ಎಂದು ನಿಮಗೆ ಕಂಡರೂ ಅವರು ಗ್ಲೈಡರ್ ಮಡಚಿಟ್ಟರೆ, ಅವರ ಮಾತಿಗೆ ಬೆಲೆ ಕೊಡಿ.

ಮೋಡ ಎಷ್ಟು ಎತ್ತರದಲ್ಲಿ ಕಟ್ಟುತ್ತದೆ ಎಂದು ನೀವೇ ಲೆಕ್ಕ ಹಾಕಬಹುದು. ಆ್ಯಪ್‌ನಲ್ಲಿ ತಾಪಮಾನದ ಜೊತೆ ಡ್ಯೂ ಪಾಯಿಂಟ್ ಎಂದು ಒಂದು ಅಂಕಿ ಇರುತ್ತದೆ. ಗಾಳಿಯಲ್ಲಿನ ತೇವ ಹನಿಗಟ್ಟುವ ತಾಪಮಾನ ಅದು. ಎರಡರ ವ್ಯತ್ಯಾಸವನ್ನು 125ರಿಂದ ಗುಣಿಸಿ. ಬೀರ್‌ನಲ್ಲಿ 26 ಡಿಗ್ರಿ ಬಿಸಿ, ಡ್ಯೂ ಪಾಯಿಂಟ್ 14 ಎಂದುಕೊಳ್ಳಿ. ವ್ಯತ್ಯಾಸ 12, ಅಂದರೆ ಮೋಡದ ತಳ ನೆಲದಿಂದ ಸುಮಾರು 1,500 ಮೀಟರ್ ಮೇಲೆ. ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದರೆ 3,000 ಮೀಟರ್ ಹತ್ತಿರ. ಬಿಲ್ಲಿಂಗ್‌ಗಿಂತ ಐನೂರು, ಆರುನೂರು ಮೀಟರ್ ಜಾಸ್ತಿ. ಒಳ್ಳೆಯ ದಿನ ಅದು.

ಅಕ್ಟೋಬರ್ ಆರಿಸಿಕೊಂಡಿದ್ದು ಒಳ್ಳೆಯದಾಯಿತು. ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆಗಾಲ ಎಂದು ಹಿಮಾಚಲದಲ್ಲಿ ಹಾರಾಟಕ್ಕೆ ನಿಷೇಧ ಇರುತ್ತದೆ. ಮುಂಗಾರು ಹಿಂದೆ ಸರಿದ ಮೇಲೆ ಗಾಳಿ ತೊಳೆದಂತೆ ತಿಳಿಯಾಗುತ್ತದೆ, ಥರ್ಮಲ್‌ಗಳು ಹದವಾಗಿರುತ್ತವೆ. ಅಕ್ಟೋಬರ್‌ನ ಎರಡನೇ ವಾರದಿಂದ ನವೆಂಬರ್ ಮಧ್ಯದವರೆಗೆ ನನ್ನ ಮಟ್ಟಿಗೆ ಅತ್ಯುತ್ತಮ ಕಾಲ. ತೊಂದರೆ ಒಂದೇ, ಜನಜಂಗುಳಿ. ಬೇರೆ ಬೇರೆ ದೇಶದ ಪೈಲಟ್‌ಗಳು ಬಂದಿರುತ್ತಾರೆ, ಟ್ಯಾಂಡಮ್‌ಗಳೂ ಸಾಲಾಗಿ ಏಳುತ್ತಿರುತ್ತವೆ. ಒಂದೇ ಥರ್ಮಲ್‌ನಲ್ಲಿ ಹತ್ತಾರು ಗ್ಲೈಡರ್‌ಗಳು ಸುತ್ತುವುದು ಸಾಮಾನ್ಯ. ಮೊದಲು ಬಂದವರು ಯಾವ ಕಡೆ ಸುತ್ತುತ್ತಾರೋ ಉಳಿದವರೆಲ್ಲ ಅದೇ ಕಡೆ ಸುತ್ತಬೇಕು ಎಂಬುದು ನಿಯಮ. ಗಾಳಿಯಲ್ಲಿ ಡಿಕ್ಕಿಯಾಗಿ ಪ್ರಾಣ ಹೋದ ಘಟನೆಗಳು ಬೀರ್‌ನಲ್ಲೂ ನಡೆದಿವೆ. ಹನ್ನೊಂದಕ್ಕೆ ಹಾರಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ವಾರಾಂತ್ಯ ಬಿಟ್ಟು ವಾರದ ನಡುವೆ ಹೋದರೆ ಇನ್ನೂ ಒಳ್ಳೆಯದು.

ನಿಮ್ಮ ಸ್ನೇಹಿತರು ಯಾರಾದರೂ ಬೇಸಿಗೆ ರಜೆಗೆ ಹೋಗುವವರಿದ್ದರೆ ಅವರಿಗೆ ಈ ಮಾತು ಹೇಳಿ. ಏಪ್ರಿಲ್, ಮೇ ತಿಂಗಳ ಬೀರ್ ಬೇರೆಯದೇ. ಥರ್ಮಲ್‌ಗಳು ಒರಟು. ಪಶ್ಚಿಮದಿಂದ ಬರುವ ಹವಾಮಾನದ ಅಲೆಗಳು ಆಗಾಗ ಮಳೆ, ಆಲಿಕಲ್ಲು ತರುತ್ತವೆ. ಮಧ್ಯಾಹ್ನ ಎರಡರ ಮೇಲೆ ಧೌಲಾಧಾರ್ ಮೇಲಿನ ಮೋಡಗಳು ಗೋಪುರದಂತೆ ಬೆಳೆಯುತ್ತವೆ. ಮೋಡದ ಅಗಲಕ್ಕಿಂತ ಎತ್ತರ ಜಾಸ್ತಿ ಕಂಡರೆ, ತಳ ಕಪ್ಪಾದರೆ, ಟೇಕಾಫ್‌ಗೆ ಹೋಗಲೇಬಾರದು. ಗುಡುಗು ಮೋಡ ಗ್ಲೈಡರ್ ಅನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. 2007ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದ ಮನಿಲ್ಲಾ ಬಳಿ ಜರ್ಮನಿಯ ಎವಾ ವಿಶ್ನಿಯೆರ್‌ಸ್ಕಾ ಎಂಬ ಪೈಲಟ್ ಹೀಗೆ ಸಿಕ್ಕಿಕೊಂಡು 9,946 ಮೀಟರ್‌ವರೆಗೆ ಏರಿಬಿಟ್ಟರು. ಎವರೆಸ್ಟ್‌ಗಿಂತ ಎತ್ತರ. ಪ್ರಜ್ಞೆ ತಪ್ಪಿ, ಮೈಯೆಲ್ಲ ಹಿಮ ಕಟ್ಟಿ, ಆಮೇಲೆ ಎಚ್ಚರವಾಗಿ ಬದುಕಿ ಇಳಿದರು. ಅದೇ ದಿನ ಅದೇ ಮೋಡಕ್ಕೆ ಸಿಕ್ಕ ಚೀನಾದ ಪೈಲಟ್ ಬದುಕಲಿಲ್ಲ. ಇಬ್ಬರೂ ಪಳಗಿದವರು, ಸ್ಪರ್ಧೆಗೆ ತಯಾರಾಗುತ್ತಿದ್ದವರು. ಮೋಡ ನೋಡಿ ಹಾರಾಟ ನಿಲ್ಲಿಸುವ ಪೈಲಟ್ ಮೇಲೆ ಬೇಸರ ಮಾಡಿಕೊಳ್ಳುವ ಪ್ರವಾಸಿಗರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಈಗ ಅಮ್ಮನ ವಿಷಯ. ವಯಸ್ಸು ಒಂದೇ ಅಡ್ಡಿಯಲ್ಲ. ಮಂಡಿ ನೋವೇ ಮುಖ್ಯ. ಟ್ಯಾಂಡಮ್‌ನಲ್ಲಿ ಪ್ರಯಾಣಿಕರು ಮುಂದೆ ಇರುತ್ತಾರೆ. ಟೇಕಾಫ್‌ನಲ್ಲಿ ಪೈಲಟ್ ಜೊತೆ ಅವರೂ ಇಳಿಜಾರಿನಲ್ಲಿ ಓಡಬೇಕು. ಎದುರುಗಾಳಿ ಗಂಟೆಗೆ 10-15 ಕಿ.ಮೀ. ಇದ್ದರೆ ನಾಲ್ಕೈದು ಹೆಜ್ಜೆಗೆ ನೆಲ ಬಿಡುತ್ತದೆ. ಗಾಳಿ ಇಲ್ಲದಿದ್ದರೆ ಹದಿನೈದು ಹೆಜ್ಜೆ ಜೋರಾಗಿಯೇ ಓಡಬೇಕಾಗಬಹುದು. ಇನ್ನೊಂದು ಕಾರಣವೂ ಇದೆ. 2,400 ಮೀಟರ್‌ನಲ್ಲಿ ಗಾಳಿ ತೆಳು, ಸಮುದ್ರ ಮಟ್ಟಕ್ಕಿಂತ ಐದನೇ ಒಂದು ಭಾಗ ಕಡಿಮೆ ಸಾಂದ್ರತೆ. ಅಷ್ಟೇ ಭಾರ ಎತ್ತಲು ರೆಕ್ಕೆ ಸುಮಾರು ಶೇ. 12 ಹೆಚ್ಚು ವೇಗದಲ್ಲಿ ಹೋಗಬೇಕು. ಓಟವೂ ಅಷ್ಟು ಜೋರಾಗಿರಬೇಕು.

ಹಾಗಾಗಿ ಹೊರಡುವ ಮೊದಲು ಮನೆ ಹತ್ತಿರದ ಪಾರ್ಕಿನಲ್ಲಿ ಅಮ್ಮನನ್ನು ಸಣ್ಣ ಇಳಿಜಾರಿನಲ್ಲಿ ಹತ್ತು ಹೆಜ್ಜೆ ಓಡಿಸಿ ನೋಡಿ. ಏನನ್ನೂ ಹಿಡಿಯದೆ, ನೋವಿಲ್ಲದೆ ಓಡಿದರೆ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ. ಮೂಳೆ ಸವೆತ, ಬೆನ್ನುಹುರಿ ತೊಂದರೆ, ಹತೋಟಿಗೆ ಬಾರದ ಬಿ.ಪಿ. ಇದ್ದರೆ ಬೇಡ. ಓಡಲು ಆಗಲಿಲ್ಲ ಎಂದರೂ ಬೇಡ. ಇದನ್ನು ಹೇಳುವುದು ಕಷ್ಟ ಅಂತ ಗೊತ್ತು, ಆದರೆ ಅರ್ಧ ಓಡಿ ಹೆದರಿ ಕುಳಿತುಬಿಟ್ಟರೆ ಪೈಲಟ್‌ಗೂ ಪೆಟ್ಟು ಬೀಳುತ್ತದೆ. ಟೇಕಾಫ್ ಅಪಘಾತಗಳಲ್ಲಿ ಪ್ರಯಾಣಿಕರು ಬೇಗ ಕುಳಿತುಬಿಡುವುದು ಒಂದು ಮುಖ್ಯ ಕಾರಣ. ಕಾಲು ನೆಲ ಬಿಟ್ಟಿತು ಅನ್ನಿಸಿದರೂ ಓಡುತ್ತಲೇ ಇರಬೇಕು, ಪೈಲಟ್ ಹೇಳಿದ ಮೇಲಷ್ಟೇ ಕೂರಬೇಕು. ಮೂವರಿಗೂ ಇದೇ ಮಾತು.

ಇಳಿಯುವುದು ಅಷ್ಟು ಕಷ್ಟವಲ್ಲ. ಕಾಲು ಮುಂದಕ್ಕೆ ಎತ್ತಿಕೊಂಡು ಕೂತರೆ ಸಾಕು, ಹಾರ್ನೆಸ್ ಎಂಬ ಪಟ್ಟಿ ಕಟ್ಟಿದ ಆಸನದ ಕೆಳಗಿನ ಮೆತ್ತೆ ಪೆಟ್ಟು ತಡೆಯುತ್ತದೆ. ಅಮ್ಮ ಸೀರೆ ಉಡುವವರಾದರೆ ಆ ದಿನ ಪ್ಯಾಂಟ್ ಅಥವಾ ಚೂಡಿದಾರ ಹಾಕಿಕೊಳ್ಳಲಿ. ಸೀರೆ ಮೇಲೆ ತೊಡೆಯ ಪಟ್ಟಿ ಸರಿಯಾಗಿ ಕೂರುವುದಿಲ್ಲ. ಲೇಸ್ ಕಟ್ಟುವ ಶೂ ಬೇಕೇ ಬೇಕು. ಗ್ಲೈಡರ್ ಗಂಟೆಗೆ 35-40 ಕಿ.ಮೀ. ವೇಗದಲ್ಲಿ ಹೋಗುತ್ತದೆ, ಸಂಜೆ ಮೇಲೆ ಚಳಿ ಕೊರೆಯುತ್ತದೆ. ಸ್ವೆಟರ್ ಮೇಲೆ ಗಾಳಿ ತಡೆಯುವ ಜಾಕೆಟ್ ಇರಲಿ.

ಪೈಲಟ್ ಆಯ್ಕೆಯಲ್ಲಿ ಬೆಲೆ ನೋಡಬೇಡಿ. ಹಿಮಾಚಲದಲ್ಲಿ ಟ್ಯಾಂಡಮ್ ಪೈಲಟ್‌ಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಆ ಕಾರ್ಡ್ ತೋರಿಸಿ ಎಂದು ಮುಜುಗರವಿಲ್ಲದೆ ಕೇಳಿ. ನಿಮ್ಮಿಂದ ದುಡ್ಡು ಪಡೆದವರು ಬೇರೆ, ಹಾರಿಸುವವರು ಬೇರೆ ಆಗಿರುತ್ತಾರೆ, ಹಾಗಾಗಿ ಕಾರ್ಡ್ ನೋಡಬೇಕಾದ್ದು ಬಿಲ್ಲಿಂಗ್‌ನಲ್ಲಿ. ರಿಸರ್ವ್ ಪ್ಯಾರಾಶೂಟ್ ಎಲ್ಲಿದೆ, ಅದನ್ನು ಯಾವಾಗ ಬಿಚ್ಚಿ ಮಡಚಿದ್ದು ಎಂದೂ ಕೇಳಿ. ಸರಿಯಾದ ಪೈಲಟ್ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ತೊಡೆಯ ಎರಡು ಪಟ್ಟಿ, ಎದೆಯ ಒಂದು ಪಟ್ಟಿ, ಗ್ಲೈಡರ್‌ಗೆ ಸೇರಿಸುವ ಎರಡು ಕೊಂಡಿ. ಇವನ್ನು ಹಾರುವ ಮೊದಲು ನೀವೇ ಕೈಯಲ್ಲಿ ಮುಟ್ಟಿ ನೋಡಿ. ತೊಡೆಯ ಪಟ್ಟಿ ಹಾಕದೆ ಎದ್ದ ಪ್ರಯಾಣಿಕರು ಜಾರಿ ಬಿದ್ದ ಪ್ರಕರಣಗಳು ಜಗತ್ತಿನ ಹಲವೆಡೆ ನಡೆದಿವೆ. ಐದು ಸೆಕೆಂಡಿನ ಕೆಲಸ ಇದು.

ಮೇಲೆ ಹೋದ ಮೇಲೆ ಸುತ್ತಿಸಿ, ತಿರುಗಿಸಿ ಅಂತ ಕೇಳಬೇಡಿ. ಅವರೇ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ. ಜೋರಾಗಿ ಸುರುಳಿ ಸುತ್ತಿದಾಗ ಮೈ ಭಾರ ಎರಡು ಮೂರು ಪಟ್ಟು ಆಗುತ್ತದೆ, ಅಭ್ಯಾಸವಿಲ್ಲದವರಿಗೆ ಕಣ್ಣು ಕತ್ತಲೆ ಬರುತ್ತದೆ. ಕ್ಯಾಮೆರಾ ಕೋಲು ನಿಮ್ಮ ಕೈಯಲ್ಲಿರಲಿ, ಪೈಲಟ್ ಕೈಯಲ್ಲಿ ಬೇಡ. ಅವರ ಎರಡೂ ಕೈ ಬ್ರೇಕ್, ಅಂದರೆ ಗ್ಲೈಡರ್ ತಿರುಗಿಸುವ ಹಿಡಿಕೆಗಳ ಮೇಲಿರಬೇಕು.

ನಂದಿ ಬೆಟ್ಟದಲ್ಲಿ ಕಲಿಯಬಹುದಾ ಎಂದಿರಿ. ಬೇಡ. 1,478 ಮೀಟರ್ ಎತ್ತರದ, ಬಂಡೆಗಳೇ ತುಂಬಿದ ಬೆಟ್ಟ ಅದು. ಅಂಚು ಕಡಿದಾಗಿದೆ, ತುದಿಯಲ್ಲಿ ಗಾಳಿ ಸುಳಿಯುತ್ತದೆ. ಕಲಿಯುವವರಿಗೆ ಬೇಕಾದ್ದು ಹುಲ್ಲಿನ ಮೆತ್ತನೆ ಇಳಿಜಾರು, ಬಿದ್ದರೆ ಮಂಡಿ ತರಚುವಷ್ಟು ಎತ್ತರ. ಜೊತೆಗೆ ದೇವನಹಳ್ಳಿಯ ವಿಮಾನ ನಿಲ್ದಾಣ ಹತ್ತಿರದಲ್ಲೇ ಇದೆ. ಆ ಆಕಾಶದಲ್ಲಿ ದಿನವಿಡೀ ವಿಮಾನಗಳು ಏರಿ ಇಳಿಯುತ್ತವೆ. ಬೆಂಗಳೂರಿನ ಸುತ್ತಮುತ್ತ ಪ್ಯಾರಾಗ್ಲೈಡಿಂಗ್ ಎಂದು ಮಾರುವುದರಲ್ಲಿ ಎಷ್ಟೋ ಸಲ ಪ್ಯಾರಾಸೇಲಿಂಗ್ ಇರುತ್ತದೆ, ಅಂದರೆ ಜೀಪಿಗೆ ಹಗ್ಗ ಕಟ್ಟಿ ಎಳೆಯುವುದು. ಇಲ್ಲವೇ ಪ್ಯಾರಾಮೋಟರ್, ಬೆನ್ನಿಗೆ ಇಂಜಿನ್ ಕಟ್ಟಿಕೊಂಡು ಬಯಲಿನಿಂದ ಏಳುವುದು. ಪ್ಯಾರಾಮೋಟರ್ ಒಳ್ಳೆಯ ವಿದ್ಯೆಯೇ, ಆದರೆ ನಿಮ್ಮ ಆಸೆ ಅದಲ್ಲ.

ಕಲಿಯಲು ಕಾಮಶೇಟ್‌ಗೆ ಹೋಗಿ. ಪುಣೆ ಮತ್ತು ಲೋಣಾವಳ ನಡುವಿನ ಊರು. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಪುಣೆಗೆ ಹೋದರೆ ಅಲ್ಲಿಂದ ಲೋಕಲ್ ರೈಲು ಇದೆ. ಸಹ್ಯಾದ್ರಿಯ ಅಂಚಿನ ಬೋಳು ಗುಡ್ಡಗಳು, ಕೆಳಗೆ ಗದ್ದೆ ಬಯಲು. ಬೀರ್‌ಗಿಂತ ಎತ್ತರ ತೀರಾ ಕಡಿಮೆ, ಅದೇ ಕಲಿಯುವವರಿಗೆ ಅನುಕೂಲ. ಮಳೆಗಾಲ ಮುಗಿದ ಮೇಲೆ ಅಕ್ಟೋಬರ್‌ನಿಂದ ಮೇವರೆಗೆ ತರಬೇತಿ ನಡೆಯುತ್ತದೆ. ಪಿ1, ಪಿ2 ಎಂಬ ಹಂತಗಳಲ್ಲಿ ಕಲಿಸುತ್ತಾರೆ. ಶುರುವಿನ ದಿನಗಳಲ್ಲಿ ಹಾರಾಟವೇ ಇರುವುದಿಲ್ಲ, ನೆಲದ ಮೇಲೆ ನಿಂತು ರೆಕ್ಕೆಯನ್ನು ತಲೆ ಮೇಲೆ ಎತ್ತಿ ನಿಲ್ಲಿಸುವುದಷ್ಟೇ. ಇದನ್ನು ಗ್ರೌಂಡ್ ಹ್ಯಾಂಡ್ಲಿಂಗ್ ಎನ್ನುತ್ತಾರೆ. ಹೊಸಬರಿಗೆ ಇದು ಬೇಜಾರು. ನನ್ನ ಪ್ರಕಾರ ಈ ವಿದ್ಯೆಯ ಅರ್ಧ ಭಾಗ ಇಲ್ಲೇ ಇದೆ. ರೆಕ್ಕೆಯ ಒಂದು ಬದಿ ಸಡಿಲವಾದರೆ ಕೈಗೆ ಹೇಗೆ ತಿಳಿಯುತ್ತದೆ ಎಂಬುದನ್ನು ನೆಲದ ಮೇಲೆ ಕಲಿಯದವರು ಗಾಳಿಯಲ್ಲಿ ಕಲಿಯಲಾರರು.

ಈ ಅಭ್ಯಾಸಕ್ಕೆ ಬೆಂಗಳೂರು ಒಳ್ಳೆಯ ಊರು. ಗ್ಲೈಡರ್ ಕೊಂಡ ಮೇಲೆ ಊರಾಚೆಯ ಯಾವುದಾದರೂ ಬಯಲಿನ ಮಾಲೀಕರನ್ನು ಕೇಳಿಕೊಳ್ಳಿ. ವಿದ್ಯುತ್ ತಂತಿ ಹತ್ತಿರ ಇರಬಾರದು. ನವೆಂಬರ್‌ನಿಂದ ಫೆಬ್ರುವರಿವರೆಗೆ ಬೆಳಗಿನ ಪೂರ್ವದ ಗಾಳಿ ಒಂದೇ ಸಮ ಇರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬೀಸುವ ಪಡುವಣ ಗಾಳಿ ನೆಲದಿಂದ ಎಳೆದುಕೊಂಡು ಹೋಗುವಷ್ಟು ಜೋರು, ಆಗ ಬೇಡ. ಮೊದಲ ಗ್ಲೈಡರ್ ಇಎನ್ ಎ, ಅಂದರೆ ಯುರೋಪಿನ ಸುರಕ್ಷತಾ ಪರೀಕ್ಷೆಯ ಮೊದಲ ದರ್ಜೆಯದ್ದೇ ಇರಲಿ. ತಾನಾಗಿ ಸರಿಹೋಗುವ ಗುಣ ಅದರಲ್ಲಿ ಜಾಸ್ತಿ. ಅಂಗಡಿಯವರು ಬೇಗ ಮುಂದುವರಿಯುತ್ತೀರಿ ಎಂದು ಮೇಲಿನ ದರ್ಜೆ ತೋರಿಸಿದರೆ ಒಪ್ಪಬೇಡಿ. ಕಾಮಶೇಟ್‌ನಲ್ಲಿ ಒಂದು ಸೀಸನ್ ಹಾರಿ, ಥರ್ಮಲ್ ಪರಿಚಯವಾದ ಮೇಲೆ ಗುರುಗಳ ಜೊತೆ ಬೀರ್‌ಗೆ ಬನ್ನಿ. ಮೊದಲ ಸಾಲು ದಾಟಿ ಹಿಂದಿನ ಪರ್ವತಗಳ ಒಳಗೆ ಹೋಗುವ ಆಸೆ ಆಗುತ್ತದೆ. ಅಲ್ಲಿ ರಸ್ತೆಯಿಲ್ಲ, ಫೋನ್ ಸಿಗ್ನಲ್ ಸಿಗುವುದಿಲ್ಲ, ಇಳಿಯಲು ಸಮತಟ್ಟು ಇಲ್ಲ. ಒಬ್ಬರೇ ಹೋಗಿ ಕಾಣೆಯಾದವರನ್ನು ಹುಡುಕುವುದು ಬಹಳ ಕಷ್ಟ.

ಪ್ರಯಾಣದ ಬಗ್ಗೆ ಇಷ್ಟೇ. ಕಾಂಗ್ಡಾದ ಗಗ್ಗಲ್ ವಿಮಾನ ನಿಲ್ದಾಣ ಹತ್ತಿರದ್ದು. ದಿಲ್ಲಿಯಿಂದ ರಾತ್ರಿ ಬಸ್ ಕೂಡ ಇದೆ. ಬೀರ್‌ನಲ್ಲಿ ಕಡಿಮೆ ಎಂದರೆ ಮೂರು ರಾತ್ರಿ ಇರಿ. ಬಸ್ ಇಳಿದ ದಿನ ಹಾರಬೇಡಿ, ನಿದ್ದೆಗೆಟ್ಟ ಮೈಗೆ ವಾಂತಿ ಬೇಗ ಬರುತ್ತದೆ. ಎರಡನೇ ದಿನ ಬೆಳಗ್ಗೆ ನೀವಿಬ್ಬರು, ಸಂಜೆ ಅಮ್ಮ. ಮೂರನೇ ದಿನವನ್ನು ಖಾಲಿ ಇಟ್ಟುಕೊಳ್ಳಿ. ಎರಡನೇ ದಿನ ಗಾಳಿ ಸರಿ ಇಲ್ಲದಿದ್ದರೆ ಅದು ಬೇಕಾಗುತ್ತದೆ, ಸರಿ ಇದ್ದರೆ ಬೈಜನಾಥದ ಹಳೆಯ ಶಿವಾಲಯ ನೋಡಿಕೊಂಡು ಬನ್ನಿ, ಹತ್ತಿರವೇ ಇದೆ. ಧರ್ಮಶಾಲೆ ನಾಲ್ಕನೇ ದಿನಕ್ಕಿರಲಿ. ಗಾಳಿ ಸರಿ ಇಲ್ಲದೆ ಹಾರಾಟ ನಿಂತರೆ ಪೂರ್ತಿ ದುಡ್ಡು ವಾಪಸ್ ಎಂಬ ಮಾತನ್ನು ಬುಕ್ ಮಾಡುವಾಗಲೇ ಬರಹದಲ್ಲಿ ತೆಗೆದುಕೊಳ್ಳಿ. ವಾಟ್ಸ್‌ಆ್ಯಪ್ ಮೆಸೇಜ್ ಆದರೂ ಸಾಕು.